ಸಾಹೇಬರ ಮನೆಯ ದನಿ

ಇನ್ನೊಬ್ಬರ ಗಂಟಲಿನಿಂದ ಹೆಸರು ಮಾಡುವವನಿಗೆ ಒಂದು ಕಷ್ಟವಿದೆ: ಆ ಇನ್ನೊಬ್ಬರು ನಮಗಿಂತ ಹೆಚ್ಚು ಬಾಳಬೇಕು. ಇದು ನನಗೆ ತಡವಾಗಿ ತಿಳಿಯಿತು. ಐದನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಚಿಕ್ಕೋಡಿಯಲ್ಲಿ ಹಿಟ್ಟಿನ ಗಿರಣಿ ನನ್ನದು. ಹಗಲೆಲ್ಲ ಜೋಳ ಬೀಸುತ್ತೇನೆ, ಯಾರ ಹಂಗಿನಲ್ಲೂ ಇಲ್ಲ. ಆದರೆ ರಾಯಬಾಗದಿಂದ ಕಾಗವಾಡದವರೆಗೆ ಜನ ನನ್ನನ್ನು ಗುರುತಿಸುತ್ತಿದ್ದದ್ದು ಹಿಟ್ಟಿನಿಂದಲ್ಲ, ನಮ್ಮ ಭಾಗದ ಹಳೆಯ ಪುಢಾರಿ ಸಾಹೇಬರ ನಕಲಿನಿಂದ.

ಸಾಹೇಬರ ಭಾಷಣಕ್ಕೊಂದು ಪದ್ಧತಿಯಿತ್ತು. ನಿಪ್ಪಾಣಿ ಕಡೆ ಮರಾಠಿಯಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುವುದು, ಅಥಣಿ ಕಡೆ ಕನ್ನಡದಲ್ಲಿ ಶುರು ಮಾಡಿ ಮರಾಠಿಯಲ್ಲಿ ಮುಗಿಸುವುದು. ನಡುವೆ ಭಾಷೆ ಬದಲಾಗುವ ಜಾಗದಲ್ಲಿ ಒಂದು ಕೆಮ್ಮು ಬರುತ್ತಿತ್ತು. ಬೇರೆ ಮಿಮಿಕ್ರಿಯವರು ಅವರ ಮೀಸೆ ಅಂಟಿಸಿಕೊಂಡರು; ನಾನು ಆ ಕೆಮ್ಮು ಹಿಡಿದೆ. ಗಿರಣಿ ಓಡುವಾಗ ಅಭ್ಯಾಸ ಮಾಡುತ್ತಿದ್ದರೆ, ಗಂಟಲಿಗೆ ಹಿಟ್ಟು ಹೋಯಿತೆಂದು ಗಿರಾಕಿಗಳು ಗಾಬರಿಯಾಗಿ ನೀರು ಕೊಡುತ್ತಿದ್ದರು. ಒಮ್ಮೆ ಸಾಹೇಬರೇ ಮುಂದಿನ ಸಾಲಿನಲ್ಲಿ ಕೂತು ನೋಡಿ, ನಕ್ಕು ಕಣ್ಣೊರೆಸಿಕೊಂಡು, "ಲೇ ಗಿರಣಿ, ನನಗಿಂತ ನೀನ ಚಲೋ ಕೆಮ್ಮತಿ ನೋಡ" ಎಂದರು. ಇದಕ್ಕಿಂತ ಪ್ರಶಸ್ತಿ ಬೇಕೆ?

ಹೋದ ವರ್ಷ ಸಾಹೇಬರು ತೀರಿಕೊಂಡರು. ಆಮೇಲೆ ರಾಯಬಾಗದ ಒಂದು ಮದುವೆಯಲ್ಲಿ ಅವರ ದನಿ ತೆಗೆದರೆ, ಇಡೀ ಪೆಂಡಾಲು ಎದ್ದು ನಿಂತು ಮೌನಾಚರಣೆ ಮಾಡಿತು. ನಗಿಸಲು ಹೋದವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಹೊಸ ಪುಢಾರಿಗಳನ್ನು ಹಿಡಿಯಲು ನೋಡಿದೆ; ಅವರು ಬರೆದದ್ದನ್ನು ಓದುತ್ತಾರೆ, ಕೆಮ್ಮುವುದೇ ಇಲ್ಲ. ನನಗಿದ್ದ ಹಂಬಲ ಸಾಹೇಬರದೋ ಚಪ್ಪಾಳೆಯದೋ ಎಂದು ಮಾತ್ರ ಕೇಳಬೇಡಿ.

ಹೀಗಿರುವಾಗ ಏಕಸಂಬಿಯಿಂದ ಸಾಹೇಬರ ಹೆಂಡತಿ ಹೇಳಿ ಕಳಿಸಿದರು. ನಾವೆಲ್ಲ ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತೇವೆ. ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. "ಒಮ್ಮಿ ಅವರಂಗ ಮಾತಾಡಪಾ" ಎಂದರು. ಎದ್ದು ನಿಂತು, ಅಥಣಿಯ ಭಾಷಣವನ್ನು ಕೆಮ್ಮಿನ ಸಮೇತ ಒಪ್ಪಿಸಿದೆ. ವೈನಿ ನಗಲೂ ಇಲ್ಲ, ಅಳಲೂ ಇಲ್ಲ.

"ಇದ ಊರ ಮಂದೀದು. ನನಗ ಮನ್ಯಾಗಿಂದು ಬೇಕು."

"ಮನ್ಯಾಗ ಏನಂತಿದ್ರು ವೈನಿ?"

"ಒಳಗ ಬಂದ ಕೂಡ್ಲೆ 'ಏನ್ ಮಾಡಾಕತ್ತಿ' ಅಂತಿದ್ರು. ಅಷ್ಟ."

ಎರಡೇ ಶಬ್ದ! ಸಾಹೇಬರ ದನಿಯಲ್ಲಿ ಅದನ್ನು ಅಂದೆ, ಮೈಕಿನ ಮುಂದೆ ಅಂದ ಹಾಗಾಯಿತು. "ಮೆಲ್ಲಕ" ಎಂದರು. ಮತ್ತೊಮ್ಮೆ ಅಂದೆ. "ವೋಟ್ ಕೇಳಾಕ ಬಂದೀ ಏನ?" ಎಂದರು. ಇಪ್ಪತ್ತು ವರ್ಷದ ವಿದ್ಯೆ ಅಲ್ಲೇ ಮಣ್ಣುಪಾಲಾಯಿತು ಅನಿಸಿ, ನಕಲು ಗಿಕಲು ಬಿಟ್ಟು, ಕುರ್ಚಿಯಲ್ಲಿ ಕುಸಿದು, ಸುಮ್ಮನೆ "ಏನ್ ಮಾಡಾಕತ್ತಿ" ಎಂದೆ.

"ಚಾ ಇಡತೇನ್ರಿ" ಎಂದು ವೈನಿ ಎದ್ದು ಒಳಗೆ ಹೋದರು. ಆ ಮಾತು ನನಗಲ್ಲವೆಂದು ತಿಳಿಯಿತು. ಬಹಳ ಹೊತ್ತು ಅವರು ಹೊರಗೆ ಬರಲಿಲ್ಲ.

ಅದು ಸಾಹೇಬರದಲ್ಲ, ನನ್ನದೇ ದನಿ ಎಂದು ಹೇಳುವ ಧೈರ್ಯವಾಗದೆ ಚಹಾ ಕುಡಿದು ಬಸ್ಸು ಹತ್ತಿದೆ. ಮನೆಯಲ್ಲಿ ನನ್ನ ಹೆಂಡತಿ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದಳು. ಏನನ್ನಿಸಿತೋ, ಅವಳಿಗೂ ಅದೇ ಎರಡು ಶಬ್ದ ಅಂದೆ. ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಇದ ಯಾರ ದನೀರಿ? ಭಾಳ ಚಲೋ ಐತಿ. ಇನ್ನೊಮ್ಮಿ ಅನ್ರಿ."

ಇನ್ನೂ ಚೆನ್ನಾಗಿ ಬರಲೆಂದು ಗಂಟಲು ಸರಿಮಾಡಿಕೊಂಡು, ಇನ್ನೊಮ್ಮೆ ಅಂದೆ.

"ಛೇ, ಮೊದಲಿನಂಗ ಬರಲಿಲ್ಲ ಬಿಡ್ರಿ" ಎಂದು ಅವಳು ಮೊರ ಎತ್ತಿಕೊಂಡಳು.