ಹಕ್ಕಿಮನೆಗೆ ನಾನು ಹಾಕಿದ ಪಾರ್ಟಿಶನ್

ಹಕ್ಕಿಗೆ ಮನೆ ಮಾಡುದು ಎಂಥ ದೊಡ್ಡ ಕೆಲಸ? ನಾಲ್ಕು ಹಲಗೆ, ಒಂದು ತೂತು, ಖಲಾಸ್. ನಾನು ಹಾಗೇ ಅಂದ್ಕೊಂಡದ್ದು.

ದುಬೈಯಲ್ಲಿ ಒಂದು ಮೇಂಟೆನೆನ್ಸ್ ಕಂಪೆನಿಯಲ್ಲಿ ನಾನು ಹೆಲ್ಪರ್. ಐದು ವರ್ಷದಿಂದ ಹೆಲ್ಪರ್. ಮರ ಕೊಯ್ಯುದು ನಾನು, ಆಣಿ ಹೊಡೆಯುದು ನಾನು, ಕಾರ್ಪೆಂಟರ್ ಅಂತ ಹೆಸರು ಬೇರೆಯವನಿಗೆ. ಊರಲ್ಲಿ ನನಗೆ ಹುಡುಗಿ ನೋಡ್ತಾ ಇದ್ದಾರೆ. ಹುಡುಗಿ ಮನೆಯವರು "ಮಗನಿಗೆ ಎಂಥ ಕೆಲಸ?" ಅಂತ ಕೇಳಿದ ಕೂಡಲೇ ನಮ್ಮ ಅಮ್ಮನಿಗೆ ಕೆಮ್ಮು ಶುರು ಆಗ್ತದೆ.

ಹಾಗಿರುವಾಗ ಫೋರ್‌ಮ್ಯಾನ್ ಶೇಖರಣ್ಣ ನನ್ನನ್ನು ಒಂದು ವಿಲ್ಲಾಕ್ಕೆ ಕಳಿಸಿದರು. ಅಲ್ಲಿ ಮಗಳ ಜೊತೆ ಇರ್ಲಿಕ್ಕೆ ಅಮೆರಿಕದಿಂದ ಬಂದ ಒಬ್ಬರು ಅಜ್ಜಿ. ಅವರಿಗೆ ಅಂಗಳದಲ್ಲಿ ಹಕ್ಕಿಮನೆ ಬೇಕಂತೆ. "ಅಜ್ಜಿ ಜಾಬ್ ಕಾರ್ಡಿನಲ್ಲಿ ಕೆಲಸ ಒಳ್ಳೆದಾಗಿದೆ ಅಂತ ಬರೆದು ಕೊಟ್ಟರೆ ನಿನ್ನನ್ನು ಕಾರ್ಪೆಂಟರ್ ಮಾಡ್ತೇನೆ" ಅಂದರು ಶೇಖರಣ್ಣ.

ಅಜ್ಜಿಯ ಇಂಗ್ಲಿಷು ನನಗೆ ಅರ್ಧ ಅರ್ಥ ಆಗ್ತದೆ. ನನ್ನದು ಅವರಿಗೆ ಕಾಲು. ಫೋನಿನಲ್ಲಿ ಫೋಟೋ ತೋರಿಸಿದರು. ಪರ್ಪಲ್ ಮಾರ್ಟಿನ್ ಅಂತ ಒಂದು ಹಕ್ಕಿ, ಕಡು ನೀಲಿ ಬಣ್ಣ. ಅವರ ಊರಲ್ಲಿ ಈ ಹಕ್ಕಿಗೆ ಮನುಷ್ಯರೇ ಮನೆ ಕಟ್ಟಿಕೊಡುದಂತೆ, ಫ್ಲ್ಯಾಟಿನ ಹಾಗೆ, ಕಂಬದ ಮೇಲೆ. ಹತ್ತು ವರ್ಷ ಬಾಳಬೇಕು ಅಂತ ಹೇಳಿ ಒಂದು ಚಿತ್ರ ಕೊಟ್ಟರು. ಹನ್ನೆರಡು ರೂಮು. ಕೆಳಗೆ ಕೆಂಪಕ್ಷರದಲ್ಲಿ ಎಂಥದೋ ಉದ್ದಕ್ಕೆ ಬರೆದಿತ್ತು. ನಾನು ಏಳನೇ ಕ್ಲಾಸು. ಓದ್ಲಿಲ್ಲ.

ಗಟ್ಟಿ ಅಂದರೆ ತಗಡು. ಎಸಿ ಡಕ್ಟಿನ ಹಳೆ ಶೀಟ್ ತಂದು ಅಂಗಳದಲ್ಲೇ ಬಗ್ಗಿಸಿ ಕೂರಿಸಿದೆ. ಹತ್ತಲ್ಲ, ನೂರು ವರ್ಷ ಬಾಳುವ ಮನೆ! ಮಧ್ಯಾಹ್ನದ ಬಿಸಿಲಿಗೆ ಮುಟ್ಟಿ ನೋಡಿದೆ. ಎರಡು ಬೆರಳಿಗೆ ಬೊಬ್ಬೆ ಬಂತು. ಅಲ್ಲೇ ಎಸಿ ರಿಪೇರಿಗೆ ಬಂದಿದ್ದ ನನ್ನ ರೂಮ್‌ಮೇಟ್ ಇಸ್ಮಾಯಿಲ್ ನೋಡಿ, "ಒಳಗೆ ಒಂದು ಕೋಳಿ ಇಡು ಮಾರಾಯ, ಸಂಜೆಗೆ ತಿನ್ಲಿಕ್ಕೆ ಆಗ್ತದೆ" ಅಂದ.

ತಗಡು ಬಿಸಾಡಿದೆ. ನೀರಿಗೂ ಹಾಳಾಗದ ಮರೈನ್ ಪ್ಲೈವುಡ್ ತಂದೆ, ತುಕ್ಕು ಹಿಡಿಯದ ಸ್ಕ್ರೂ ಹಾಕಿದೆ, ಬಿಸಿಲು ಹೀರದ ಹಾಗೆ ಬಿಳಿ ಪೇಂಟ್ ಹೊಡೆದೆ. ಚಂದ ಆಯ್ತು. ಅಲ್ಲಿಗೇ ನಿಲ್ಲಿಸಬೇಕಿತ್ತು.

ಆದರೆ ಒಂದೊಂದು ರೂಮು ನೋಡಿದರೆ ನನ್ನ ಹೊಟ್ಟೆ ಉರೀತದೆ. ಅಂಗೈಯಷ್ಟು ಹಕ್ಕಿಗೆ ಇಷ್ಟು ಜಾಗ ಎಂತಕ್ಕೆ? ಇಂಟರ್‌ನ್ಯಾಷನಲ್ ಸಿಟಿ ಅನ್ನುವ ಏರಿಯಾದಲ್ಲಿ ನಾವು ಇರುವ ಫ್ಲ್ಯಾಟಿನ ಹಾಲಿಗೆ ಪ್ಲೈವುಡ್ ಹೊಡೆದು ಮೂರು ಪಾರ್ಟಿಶನ್ ಮಾಡಿದ್ದು ನಾನೇ. ಆರು ಜನ ಆರಾಮವಾಗಿ ಮಲಗ್ತೇವೆ. ಆರಾಮ ಅಂದರೆ, ಒಬ್ಬ ಮಗ್ಗುಲು ಬದಲಿಸಿದರೆ ಉಳಿದವರಿಗೆ ಗೊತ್ತಾಗ್ತದೆ, ಅಷ್ಟೇ.

ಪ್ರತಿ ರೂಮಿನ ನಡುವೆ ಒಂದೊಂದು ಪಾರ್ಟಿಶನ್ ಹಾಕಿದೆ. ಹನ್ನೆರಡು ಇದ್ದದ್ದು ಇಪ್ಪತ್ನಾಲ್ಕಾಯ್ತು. ಗೋಡೆ ಸಣ್ಣದಾದ ಕಾರಣ ತೂತೂ ಸಣ್ಣದು ಮಾಡಿದೆ. ಇಷ್ಟು ಬುದ್ಧಿ ಅಮೆರಿಕದವರಿಗೂ ಬರ್ಲಿಲ್ಲ ನೋಡಿ!

ಕಂಬ ಏರಿಸಿದ ನಾಲ್ಕನೇ ದಿನ ಗುಬ್ಬಿಗಳು ಬಂದವು. ನನಗೆ ಖುಷಿಯೋ ಖುಷಿ. ಗುಬ್ಬಿ ಗೂಡು ಕಟ್ಟಿದರೆ ಆ ಮನೆಗೆ ಒಳ್ಳೆದು ಅಂತ ಅಮ್ಮ ಹೇಳ್ತಾರೆ. ನೀಲಿ ಹಕ್ಕಿ ಬರುವವರೆಗೆ ಮನೆ ಯಾಕೆ ಖಾಲಿ ಇರಬೇಕು? ನನ್ನ ಬುತ್ತಿಯ ಅನ್ನವನ್ನೇ ದಿನಾ ಹಾಕಿದೆ. ಹತ್ತೇ ದಿನ. ಇಪ್ಪತ್ನಾಲ್ಕು ರೂಮೂ ಫುಲ್. ಮೇಲಿನ ಮಹಡಿಗೆ ಜಗಳ ಬೇರೆ.

ಜಾಬ್ ಕಾರ್ಡ್ ಹಿಡ್ಕೊಂಡು ಅಜ್ಜಿಯನ್ನು ಕರೆದೆ. ಅಜ್ಜಿ ದುರ್ಬೀನು ತಂದು ನೋಡಿದರು. ಮುಖ ಕೆಂಪಾಯ್ತು.

"ಗುಬ್ಬಿ," ಅಂದರು. "ಊರಲ್ಲಿ ಇವನನ್ನು ಓಡಿಸಿ ಓಡಿಸಿಯೇ ನನ್ನ ಆಯುಷ್ಯ ಹೋಯ್ತು. ಮಾರ್ಟಿನ್‌ನ ಮೊಟ್ಟೆ ಒಡೆದು ಮನೆ ಕಿತ್ತುಕೊಳ್ಳುವ ಕಳ್ಳ. ಇಲ್ಲಿಗೂ ಬಂದನಾ?"

ಬಂದದ್ದಲ್ಲ, ನಾನೇ ಊಟ ಹಾಕಿ ಕೂರಿಸಿದ್ದು. ಅದನ್ನು ಹೇಳ್ಲಿಲ್ಲ. ಚಿತ್ರದ ಕೆಳಗಿನ ಕೆಂಪಕ್ಷರ ಅಜ್ಜಿ ಬೆರಳಿಟ್ಟು ಓದಿದರು. ತೂತು ಎಷ್ಟು ಸಣ್ಣ ಮಾಡಿದರೂ ಗುಬ್ಬಿ ನುಗ್ತದೆ, ಅವನಿಗೆ ಜಾಗ ಕೊಡಬೇಡಿ, ರೂಮು ದೊಡ್ಡದಿರಲಿ ಅಂತ.

ನನ್ನ ಕಾರ್ಪೆಂಟರ್ ಪಟ್ಟ ಅಲ್ಲೇ ಹಾರಿ ಹೋಯ್ತು. ಎಲ್ಲ ಬಿಚ್ಚಿ ಪುನಃ ಮಾಡಿಕೊಡ್ತೇನೆ, ನೀಲಿ ಹಕ್ಕಿ ಬರುವ ಮೊದಲು ಮುಗಿಸ್ತೇನೆ ಅಂದೆ.

"ಅದು ಈ ದೇಶಕ್ಕೆ ಬರುದೇ ಇಲ್ಲ," ಅಂದರು ಅಜ್ಜಿ. "ಊರಿನ ಹಾಗೆ ಅಂಗಳದಲ್ಲಿ ಮನೆ ಒಂದು ಕಾಣಬೇಕಿತ್ತು. ಖಾಲಿ ಇದ್ದರೂ ಸಾಕಿತ್ತು."

ಮೇಲೆ ಗುಬ್ಬಿಗಳ ಗಲಾಟೆ. ಅಜ್ಜಿ ಸ್ವಲ್ಪ ಹೊತ್ತು ದುರ್ಬೀನಿನಲ್ಲಿ ನೋಡಿ, ಇಪ್ಪತ್ನಾಲ್ಕು ಯಾಕೆ ಅಂತ ಕೇಳಿದರು. ನಮ್ಮ ಫ್ಲ್ಯಾಟಿನ ಹಾಲ್, ಆರು ಜನ, ಪಾರ್ಟಿಶನ್ ಎಲ್ಲ ಕೈಸನ್ನೆಯಲ್ಲಿ ತೋರಿಸಿದೆ. ಅಜ್ಜಿ ಹಕ್ಕಿಮನೆ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಕೂತು ನಗಲು ಶುರು ಮಾಡಿದವರು ಕಣ್ಣೀರು ಬರುವವರೆಗೆ ನಿಲ್ಲಿಸ್ಲಿಲ್ಲ.

ಜಾಬ್ ಕಾರ್ಡಿನಲ್ಲಿ ಬರೆದದ್ದನ್ನು ಶೇಖರಣ್ಣ ಓದಿ ಹೇಳಿದರು: "ಮನೆ ಗಟ್ಟಿ ಉಂಟು. ಒಕ್ಕಲು ಮಾತ್ರ ತಪ್ಪು. ಇರಲಿ, ಬಿಚ್ಚಬೇಡಿ."

ಗಟ್ಟಿ ಅಂತ ಉಂಟಲ್ಲ, ಶೇಖರಣ್ಣನಿಗೆ ಅಷ್ಟು ಸಾಕಾಯ್ತು. ನಾನು ಕಾರ್ಪೆಂಟರ್ ಆದೆ.

ಹೋದ ಶುಕ್ರವಾರ ಹುಡುಗಿ ಮನೆಯವರು ವೀಡಿಯೋ ಕಾಲ್ ಮಾಡಿದರು. ಊರಲ್ಲಿ ಅಮ್ಮ ಅವರ ಪಕ್ಕದಲ್ಲೇ ಕೂತಿದ್ದರು. ಕೆಲಸ ಎಂಥದು ಅಂದರು, ಕಾರ್ಪೆಂಟರ್ ಅಂದೆ ಗಟ್ಟಿಯಾಗಿ. ಅಮ್ಮ ಕೆಮ್ಮಲಿಲ್ಲ.

"ಅಲ್ಲಿ ನಿಮ್ಮ ಮನೆ ಎಷ್ಟು ರೂಮಿನದು?" ಅಂತ ಕೇಳಿದರು.

"ಕಟ್ಟಿದ್ದು ಇಪ್ಪತ್ನಾಲ್ಕು," ಅಂದೆ.

ಅಷ್ಟರಲ್ಲಿ ಪ್ಲೈವುಡ್ಡಿನ ಆಚೆಯಿಂದ ಇಸ್ಮಾಯಿಲ್ ನಕ್ಕದ್ದು ಫೋನಿನಲ್ಲಿ ಚಂದ ಕೇಳಿಸಿತು.

ಅಮ್ಮನಿಗೆ ಪುನಃ ಕೆಮ್ಮು.