ಮೂವತ್ತೊಂದು ನಿಮಿಷದ ಬ್ಯಾಟರಿ

ಕೆನಡಾದ ವಿಟ್ಬಿಯ ತನ್ನ ಮನೆಯಲ್ಲಿ ಗಿರಿಜಾ ಮೂರು ವಾರಗಳಿಂದ ಒಂದೇ ಸಿಟ್ಟನ್ನು ಆರದಂತೆ ಕಾಪಾಡಿಕೊಂಡು ಬಂದಿದ್ದಳು. ಬೆಳಿಗ್ಗೆ ಚಹಾದ ಜೊತೆ ಅದನ್ನು ಬಿಸಿ ಮಾಡುತ್ತಿದ್ದಳು, ಸಂಜೆ ಪಲ್ಯದ ಜೊತೆ ಅದಕ್ಕೂ ಒಂದು ಒಗ್ಗರಣೆ ಹಾಕುತ್ತಿದ್ದಳು. ಸಿಟ್ಟು ಯಾರ ಮೇಲೆ ಎಂದು ಬೇರೆ ಹೇಳಬೇಕಾಗಿಲ್ಲ. ಅವಳಿಗಿದ್ದವನು ಒಬ್ಬನೇ ಗಂಡ, ನಿಜಗುಣ.

ಹುಬ್ಬಳ್ಳಿಯಲ್ಲಿ ಹದಿಮೂರು ವರ್ಷ ನರ್ಸ್ ಆಗಿದ್ದ ಗಿರಿಜಾ ಕೆನಡಾಕ್ಕೆ ಬಂದ ಮೇಲೆ ನಾಲ್ಕು ವರ್ಷ ವೃದ್ಧಾಶ್ರಮದಲ್ಲಿ ದುಡಿಯುತ್ತ, ನಡುನಡುವೆ ಓದಿ ಪರೀಕ್ಷೆ ಬರೆದು ಲೈಸೆನ್ಸು ಗಿಟ್ಟಿಸಿ, ಕೊನೆಗೂ ಒಂದು ದೊಡ್ಡ ಆಸ್ಪತ್ರೆಯಿಂದ ಸಂದರ್ಶನದ ಕರೆ ಪಡೆದಿದ್ದಳು. ಸಂದರ್ಶನ ಕಂಪ್ಯೂಟರಿನಲ್ಲೇ. ಅವರ ಬೀದಿಯಲ್ಲಿ ಗಾಳಿ ಜೋರಾದರೆ ಕರೆಂಟು ಕಣ್ಣು ಮಿಟುಕಿಸುತ್ತಿತ್ತು. ಅದಕ್ಕೆಂದೇ ನಿಜಗುಣ ಒಂದು ಯುಪಿಎಸ್ ತಂದು, ಅದರ ಸಾಫ್ಟ್‌ವೇರನ್ನು ಬೇಸ್‌ಮೆಂಟಿನ ಕಂಪ್ಯೂಟರಿಗೆ ಹಾಕಿದ. ಕರೆಂಟು ಹೋದ ಎಷ್ಟು ಹೊತ್ತಿಗೆ ಕಂಪ್ಯೂಟರನ್ನು ಸುರಕ್ಷಿತವಾಗಿ ಬಂದ್ ಮಾಡಲಿ ಎಂದು ಅದು ವಿನಯದಿಂದ ಕೇಳಿತು. ಪರಮ ಎಚ್ಚರಿಕೆಯ ಮನುಷ್ಯನಾದ ನಿಜಗುಣ ‘ಹತ್ತು ಸೆಕೆಂಡು’ ಎಂದು ತುಂಬಿದ.

ಸಂದರ್ಶನದ ದಿನ ಕರೆಂಟು ಹೋದದ್ದು ಹನ್ನೆರಡು ಸೆಕೆಂಡು. ಹತ್ತಕ್ಕೆ ಸಾಫ್ಟ್‌ವೇರು ಕರ್ತವ್ಯ ಆರಂಭಿಸಿತು. ಹನ್ನೆರಡಕ್ಕೆ ಕರೆಂಟು ಬಂದರೂ ಅದು ಹಿಡಿದ ಕೆಲಸ ಬಿಡಲಿಲ್ಲ. ಗಿರಿಜಾ ತನ್ನ ಹೆಸರು ಹೇಳಿ ಮುಗಿಸುವ ಮೊದಲೇ ಕಂಪ್ಯೂಟರು ಶಿವೈಕ್ಯವಾಯಿತು.

ಅಂದು ನಡೆದ ಯುದ್ಧದ ವಿವರ ಬೇಡ. ಯುಪಿಎಸ್ ಇರುವುದೇ ಫೈಲುಗಳು ಕೆಡದಂತೆ ನೋಡಿಕೊಳ್ಳುವುದಕ್ಕೆ ಎಂದು ನಿಜಗುಣ ಶಾಸ್ತ್ರ ಹೇಳಿದ.

“ಕರೆಂಟ್ ಹೋದ್ರ ಕಂಪ್ಯೂಟರ್ ಮರ್ಯಾದಿಲೆ ಮಲಗಲಿ ಅಂತ ಐತಿ ಇದು” ಎಂದ.

“ಮನ್ಯಾಗ ಮಲಗಾಕ ನೀವೊಬ್ರು ಇದ್ದೀರಿ, ಸಾಕು” ಎಂದಳು ಗಿರಿಜಾ. “ನನಗ ಎಚ್ಚರ ಇರೋ ಕಂಪ್ಯೂಟರ್ ಬೇಕು.”

ಆಸ್ಪತ್ರೆಯವರು ದೊಡ್ಡ ಮನಸ್ಸು ಮಾಡಿ ಇನ್ನೊಂದು ದಿನ ಕೊಟ್ಟರು, ಇದೇ ಕೊನೆಯದು ಎಂದೂ ಬರೆದರು. ಆ ಪತ್ರ ಓದಿದ ಕ್ಷಣದಿಂದ ಯುಪಿಎಸ್ ಖಾತೆಯನ್ನು ಗಿರಿಜಾ ತಾನೇ ವಹಿಸಿಕೊಂಡಳು. ಇನ್ನು ಮುಂದೆ ಆ ಪೆಟ್ಟಿಗೆಯನ್ನು ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಗಂಡನಿಗೆ ತಾಕೀತು ಮಾಡಿದಳು. ಸಂದರ್ಶನದ ಹಿಂದಿನ ದಿನ ಕೈಪಿಡಿ ಹಿಡಿದು ಕುಳಿತಳು. ಬ್ಯಾಟರಿ ಐದು ನಿಮಿಷಕ್ಕಿಳಿಯುವ ತನಕ ಬಂದ್ ಮಾಡಕೂಡದು ಎಂದು ಸಾಫ್ಟ್‌ವೇರಿಗೆ ಆಜ್ಞೆ ಮಾಡಿದಳು. ಮಾತಿನ ನಡುವೆ ಕೂಗಬಾರದೆಂದು ಅದರ ಬೀಪ್ ಸದ್ದನ್ನೂ ಅಡಗಿಸಿದಳು. ಆದರೆ ಪರದೆಯ ಮೂಲೆಯಲ್ಲಿ ‘ಬ್ಯಾಟರಿ ಬಾಳಿಕೆ ಹದಿನಾಲ್ಕು ನಿಮಿಷ’ ಎಂದಿತ್ತು. ಹದಿನಾಲ್ಕು ಯಾವ ಮೂಲೆಗೆ?

ಯುಪಿಎಸ್‌ಗೆ ಎರಡು ಸಾಲು ತೂತುಗಳು. ಒಂದು ಸಾಲಿಗೆ ಬ್ಯಾಟರಿ ಉಂಟು, ಇನ್ನೊಂದಕ್ಕೆ ಇಲ್ಲ. ಬ್ಯಾಟರಿ ತಿನ್ನುತ್ತಿದ್ದ ಸೋಮಾರಿ ವೈರುಗಳನ್ನು ಗಿರಿಜಾ ಒಂದೊಂದಾಗಿ ಕಿತ್ತು ಆಚೆ ಸಾಲಿಗೆ ಹಾಕಿದಳು. ಎಲ್ಲವೂ ಕರಿ ವೈರುಗಳೇ. ಕಿತ್ತಷ್ಟೂ ನಿಮಿಷ ಏರಿತು. ಮೂವತ್ತೊಂದಕ್ಕೆ ಮುಟ್ಟಿದಾಗ ಅವಳು ಸೊಂಟಕ್ಕೆ ಕೈಕೊಟ್ಟು ನಿಂತು, ಗಂಡಸರಿಗೆ ಇಷ್ಟೂ ತಿಳಿಯುವುದಿಲ್ಲ ಎಂದು ಮೆಟ್ಟಿಲ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದ ಅತ್ತೆ ದ್ಯಾಮವ್ವನಿಗೆ ಹೇಳಿದಳು. ದ್ಯಾಮವ್ವ ತಲೆಯಾಡಿಸಿದಳು.

ಮರುದಿನ ಹನ್ನೊಂದು ಗಂಟೆಗೆ ಸಂದರ್ಶನ ಶುರುವಾಯಿತು. ಪರದೆಯ ಮೇಲೆ ಮೂವರು: ಉದ್ದನೆಯ ಬಿಳಿಗಡ್ಡದ ನಿರ್ದೇಶಕ, ಒಬ್ಬ ಚೀನೀ ಮಹಿಳೆ, ವಾರ್ಡಿನ ಮುಖ್ಯಸ್ಥೆ ಮೇಧಾ. ಅರ್ಧ ಗಂಟೆ ಎಲ್ಲವೂ ಹೂವೆತ್ತಿದಂತೆ ನಡೆಯಿತು. ಜೊತೆಯವರು ತಪ್ಪು ಮಾಡಿದರೆ ಏನು ಮಾಡುತ್ತೀರಿ ಎಂದು ನಿರ್ದೇಶಕ ಕೇಳಿದ. ನಾನು ಎಂದೂ ಧ್ವನಿ ಎತ್ತುವವಳಲ್ಲ ಎಂದು ಗಿರಿಜಾ ತಂಪಾದ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಹೊರಗೆ ಗಾಳಿ ಒಮ್ಮೆ ಊಳಿಟ್ಟಿತು. ಬೇಸ್‌ಮೆಂಟು ಕತ್ತಲಾಯಿತು. ಪರದೆ ಕಪ್ಪಾಯಿತು. ಸ್ಪೀಕರು ಸತ್ತಿತು.

ಮೂರು ವಾರದ ಸಿಟ್ಟು ಹೊರಬರಲು ಮೂರು ಸೆಕೆಂಡು ಸಾಕಾಯಿತು.

“ಎಲ್ಲಿ ಅದೀರಿ ಖೋಡಿ, ಕೆಳಗ ಬರ್ರಿ” ಎಂದು ಅವಳು ಮೇಲಕ್ಕೆ ಮುಖ ಮಾಡಿ ಕರೆದಳು. (ಖೋಡಿ ಎಂದರೆ ಧಾರವಾಡ ಸೀಮೆಯಲ್ಲಿ ಯಾವ ಕೆಲಸಕ್ಕೂ ಬಾರದ ದಂಡಪಿಂಡ. ಆದರೂ ಗಂಡನಿಗೆ ಬಹುವಚನ ಬಿಡುವವಳಲ್ಲ ಗಿರಿಜಾ.) ನಿಜಗುಣ ಮೊಬೈಲಿನ ಬೆಳಕು ಹಿಡಿದು ಇಳಿದು ಬಂದ. ಯುಪಿಎಸ್ ತಂದ ಖೋಡಿ, ಹತ್ತು ಸೆಕೆಂಡಿನ ಖೋಡಿ, ಮದುವೆಯಲ್ಲಿ ತಾಳಿಯ ಗಂಟನ್ನೂ ಸಡಿಲ ಹಾಕಿದ್ದ ಖೋಡಿ ಎಂದು ಅವಳು ಅವನ ಹದಿನೇಳು ವರ್ಷದ ಚರಿತ್ರೆಯನ್ನು ಅನುಕ್ರಮವಾಗಿ ಬಿಚ್ಚಿದಳು. ಒಂದೂ ಅಧ್ಯಾಯ ಬಿಡಲಿಲ್ಲ. ಕೊನೆಗೆ, ಈ ವೈರುಗಳನ್ನು ಮುಟ್ಟಿದವರು ಯಾರು ಎಂದು ಗುಡುಗಿದಳು.

“ನಿನ್ನಿ ನೀನs ಕಿತ್ತಿ ಅಲ್ಲವಾ” ಎಂದಳು ದ್ಯಾಮವ್ವ ಮೆಟ್ಟಿಲ ಮೇಲಿಂದ. “ಟಿವಿಯಂಗ ಇರೋದರ ವಾಯರು. ಅಂವ ಮುಟ್ಟಿಲ್ಲ ಬಿಡು, ಕೈ ಮುರೀತೇನಿ ಅಂದಿದ್ದಿಯಲ್ಲ.”

ನಿಜಗುಣ ಮೇಜಿನಡಿ ತೂರಿದ. ಎರಡು ವೈರು ಕಿತ್ತು ಬ್ಯಾಟರಿಯ ಸಾಲಿಗೆ ಚುಚ್ಚಿದ. ಪರದೆ ಬೆಳಗಿತು.

ಮೂರು ಮುಖಗಳೂ ಅಲ್ಲೇ ಇದ್ದವು. ಕಂಪ್ಯೂಟರು, ಕ್ಯಾಮೆರಾ, ಮೈಕು, ಇಂಟರ್‌ನೆಟ್ಟು ಯಾವುದೂ ಒಂದು ಕ್ಷಣವೂ ಮಲಗಿರಲಿಲ್ಲ; ಸತ್ತಿದ್ದವು ಪರದೆ, ಸ್ಪೀಕರು ಎರಡೇ. ಗಿರಿಜಾ ಹೇಳಿದಂತೆಯೇ ಸಾಫ್ಟ್‌ವೇರು ನಡೆದುಕೊಂಡಿತ್ತು.

ನಿರ್ದೇಶಕ ಮುಗುಳ್ನಗುತ್ತಿದ್ದ. ಮೇಧಾ ಕರವಸ್ತ್ರದಿಂದ ಕಣ್ಣೊರೆಸಿಕೊಂಡು ಮೈಕಿಗೆ ಬಾಗಿದರು.

“ಗಿರಿಜಾ, ನಾನು ಪುತ್ತೂರಿನವಳು ಮಾರಾಯ್ರೆ. ಎಲ್ಲ ಕೇಳ್ತಾ ಉಂಟು. ಇವರಿಬ್ರಿಗೆ, ಮನೆಯವ್ರ ಸಹಾಯ ಕೇಳ್ತಾ ಇದ್ದಾರೆ ಅಂತ ಹೇಳಿದ್ದೇನೆ. ನೀವು ಮುಂದುವರ್ಸಿ.”

ಭೂಮಿ ಬಾಯಿ ಬಿಡಲಿ ಎಂದು ಗಿರಿಜಾ ಬೇಡಿಕೊಂಡಳು. ಆಗಲೇ ಬೇಸ್‌ಮೆಂಟಿನಲ್ಲಿದ್ದುದರಿಂದ ಇನ್ನೂ ಕೆಳಗೆ ಜಾಗವಿರಲಿಲ್ಲ. ಮುಂದುವರಿಸಿದಳು.

ಕೆಲಸ ಸಿಕ್ಕಿತು. ಸಂಕಟದಲ್ಲಿ ಮನೆಮಂದಿಯನ್ನೆಲ್ಲ ಕರೆದು ಆರು ನಿಮಿಷದಲ್ಲಿ ದೋಷ ಸರಿಪಡಿಸಿದ ರೀತಿ ನಿರ್ದೇಶಕನಿಗೆ ಬಹಳ ಹಿಡಿಸಿತಂತೆ. ಗಿರಿಜಾ ಗಂಡನ ಕ್ಷಮೆ ಕೇಳಲಿಲ್ಲ, ಬದಲಿಗೆ ಎರಡು ದಿನ ಅವನಿಗಿಷ್ಟದ ಮಂಡಕ್ಕಿ ಗಿರಮಿಟ್ಟು ಮಾಡಿ ಬಡಿಸಿದಳು. ನಿಜಗುಣ ಅದನ್ನೇ ಕ್ಷಮೆಯೆಂದು ತಿಂದ.

ಡಿಸೆಂಬರಿನಲ್ಲಿ ವಾರ್ಡಿನವರ ಔತಣ. ಬಾಗಿಲಲ್ಲೇ ನಿರ್ದೇಶಕ ಎರಡೂ ಕೈಯಿಂದ ನಿಜಗುಣನ ಕೈ ಕುಲುಕಿ, ನಿಮ್ಮನ್ನು ನೋಡುವ ಆಸೆ ಬಹಳ ಇತ್ತು, ಅಂದು ನಿಮ್ಮ ಹೆಂಡತಿ ಎಷ್ಟು ಸಲ ನಿಮ್ಮ ಹೆಸರು ಹಿಡಿದು ಕರೆದರು ಎಂದು, ತಾನೇ ಬರೆದಿಟ್ಟಿದ್ದ ಹೆಸರಿನ ಚೀಟಿಯನ್ನು ಅವನ ಎದೆಗೆ ಅಂಟಿಸಿದ. ಇಂಗ್ಲಿಷಿನಲ್ಲಿ ‘ಕೋಡಿ’ ಎಂದಿತ್ತು.

ಗಿರಿಜಾ ಅದನ್ನು ಕೀಳಲು ಕೈ ಚಾಚಿದಳು. ನಿಜಗುಣ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಊಟ ಮುಗಿಯುವ ತನಕ ಒಂದೊಂದೇ ಮೇಜಿಗೆ ಹೋಗಿ, ನಾನು ಕೋಡಿ, ಗಿರಿಜಾಳ ಗಂಡ, ಈ ಹೆಸರು ಅವಳೇ ಇಟ್ಟದ್ದು ಎಂದು ಎಲ್ಲರಿಗೂ ಪರಿಚಯ ಮಾಡಿಕೊಂಡ.