ನಂತೂರಿನ ಏರು ಮತ್ತು ಇನ್ನೂರ ಅರವತ್ತನಾಲ್ಕು ಡಿಗ್ರಿ

ಎರಡರಲ್ಲಿ ಯಾವುದು ವಾಸಿ ಎಂದು ಜನರನ್ನು ಕೇಳುವುದೇ ನನ್ನ ಹೊಟ್ಟೆಪಾಡು. ಕಂಕನಾಡಿಯ ಆಸ್ಪತ್ರೆಯೊಂದರ ಎದುರಿಗೆ ನನ್ನದೊಂದು ಕನ್ನಡಕದ ಅಂಗಡಿಯಿದೆ. ಬಂದವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಲೋಹದ ಚೌಕಟ್ಟೊಂದನ್ನು ಏರಿಸಿ, ಅದರಲ್ಲಿ ಗಾಜು ಬದಲಿಸುತ್ತಾ, “ಇದು ಸ್ಪಷ್ಟವೋ, ಇದು ಸ್ಪಷ್ಟವೋ?” ಎಂದು ಇಪ್ಪತ್ತೆರಡು ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಒಮ್ಮೊಮ್ಮೆ ಪರೀಕ್ಷೆಗೆಂದು ತೆಗೆದ ಗಾಜನ್ನೇ ತಿರುಗಿ ಹಾಕುವುದೂ ಉಂಟು. ಹೆಚ್ಚಿನವರು ಒಡನೆ, “ಹಾಂ, ಇದೀಗ ಚೆಂದ ಕಾಣ್ತದೆ” ಎನ್ನುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಕುರ್ಚಿ ಹತ್ತಿದ ಮನುಷ್ಯನಿಗೆ ಏನಾದರೊಂದು ವ್ಯತ್ಯಾಸ ಕಾಣಲೇಬೇಕು, ಇಲ್ಲದಿದ್ದರೆ ಹತ್ತಿದ್ದಕ್ಕೆ ಮರ್ಯಾದೆ ಏನು? ನನಗೆ ಸಿಟ್ಟು ಬರುವುದು, “ಎರಡೂ ಒಂದೇ ಅಲ್ವಾ?” ಎಂದು ಮುಖ ನೋಡುವವರ ಮೇಲೆ. ಅಂಥವರಿಗೆ ಗಮನ ಸಾಲದು ಎಂದು ಎಷ್ಟೋ ವರ್ಷ ನಂಬಿಕೊಂಡಿದ್ದೆ. ಹಾಗೆ ನಂಬಿಕೊಂಡಿದ್ದವನ ಕಥೆಯನ್ನೇ ಈಗ ಹೇಳಹೊರಟಿದ್ದೇನೆ.

ನನ್ನ ಬಳಿ ಒಂದು ಕೆಂಪು ಕಾರಿದೆ. ಚಿಕ್ಕದು, ಹಳೆಯದು, ಆದರೆ ಟರ್ಬೊ. ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿಯನ್ನು ಬಲವಂತವಾಗಿ ಕುಡಿಸುವ ಒಂದು ಚಕ್ರ ಎಂದು ತಿಳಿದರೆ ಸಾಕು. ಗಲ್ಫಿನಿಂದ ರಜೆಗೆ ಬಂದಾಗ ಮಾತ್ರ ಓಡಿಸುತ್ತಿದ್ದವರೊಬ್ಬರಿಂದ ಅದನ್ನು ಕೊಂಡ ದಿನ ನಾನು ಕಾವೂರಿನ ಕೆರೆಗೆ ಮೂರು ಸುತ್ತು ಹಾಕಿದ್ದೆ. ನನ್ನ ಹೆಂಡತಿ ಶೈಲಜಳಿಗೆ ಮಾತ್ರ ಅದು ಮೊದಲಿನಿಂದಲೂ ಸೇರದು. ಕೂತರೆ ಏಳಲಾಗುವುದಿಲ್ಲ, ತರಕಾರಿ ಚೀಲ ಹಿಡಿಸುವುದಿಲ್ಲ, ಸದ್ದು ಬೇರೆ. ಆದರೂ ಅವಳು ಸಹಿಸಿಕೊಂಡಿದ್ದಳು. ಸಹನೆ ಮುರಿದದ್ದು ನಂತೂರಿನ ಏರಿನಲ್ಲಿ. ಒಂದು ಸಂಜೆ ಅಂಗಡಿ ಮುಚ್ಚಿ ಪಂಪ್‌ವೆಲ್ ಕಡೆಯಿಂದ ಮನೆಗೆ ಹೊರಟಿದ್ದೆವು. ಏರು ಹತ್ತುವಾಗ ನಾನು ಗೇರು ಇಳಿಸಿ, ಪೆಡಲು ಒತ್ತಿ, ಸ್ಟೇರಿಂಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ. ಕಾರು ಏದುಸಿರು ಬಿಟ್ಟಿತು. ಅಷ್ಟರಲ್ಲಿ ಬಲಗಡೆಯಿಂದ ಒಂದು ಸಿಟಿ ಬಸ್ಸು ನಮ್ಮನ್ನು ದಾಟಿ ಹೋಯಿತು. ಒಳಗೆ ಜನ ತುಂಬಿ ತುಳುಕುತ್ತಿದ್ದರು. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ನಮ್ಮ ಕಾರಿನ ಛಾವಣಿಯನ್ನು ನೋಡಿ ಒಂದು ಸೀಟಿ ಊದಿದ. ಅದು ಡ್ರೈವರನಿಗೆ ಊದಿದ್ದು ಎಂದು ನಾನು ಇವತ್ತಿಗೂ ವಾದಿಸುತ್ತೇನೆ.

“ಬಸ್ಸಿನಲ್ಲೇ ಹೋಗಿದ್ರೆ ಇಷ್ಟು ಹೊತ್ತಿಗೆ ಮನೆ ಸೇರ್ತಿದ್ದೆವು,” ಎಂದಳು ಶೈಲಜ.

ಮರುದಿನವೇ ಕಾರನ್ನು ಹಮೀದನ ಗ್ಯಾರೇಜಿಗೆ ಒಯ್ದೆ. ಹಮೀದ್ ಶಾರ್ಜಾದಲ್ಲಿ ಹದಿನಾಲ್ಕು ವರ್ಷ ವೇಗದ ಕಾರುಗಳ ಎಂಜಿನ್ ಬಿಚ್ಚಿ ಜೋಡಿಸಿ, ಈಗ ಕಾವೂರಿನಲ್ಲಿ ಒಂದೇ ಒಂದು ರ್‍ಯಾಂಪು ಇಟ್ಟುಕೊಂಡು ನೆಮ್ಮದಿಯಾಗಿರುವ ಮನುಷ್ಯ. ಅವನಿಗೆ ಓದುವ ಕನ್ನಡಕ ಮಾಡಿಕೊಟ್ಟವನು ನಾನೇ. ಅವತ್ತು ಕುರ್ಚಿಯಲ್ಲಿ ಕೂತು, “ಈಗ ಹಾಕಿದ್ದು ಎಷ್ಟರದ್ದು?” ಎಂದು ಪ್ರತಿ ಗಾಜಿಗೂ ಕೇಳುತ್ತಿದ್ದ. “ನಂಬರು ಕೇಳಬಾರದು ಹಮೀದ್, ಓದಿ ಹೇಳಬೇಕು” ಎಂದು ನಾನು ಗದರಿಸಿದ್ದೆ. ಅದನ್ನು ಅವನು ಮರೆತಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಹಮೀದ್ ಹೊಗೆ ನೋಡಿ, ಸದ್ದು ಕೇಳಿ, “ಎಣ್ಣೆ ಸೋರ್ತಾ ಉಂಟು. ಹೇಗೂ ಮೇಲಿಂದ ಬಿಚ್ಚಬೇಕು” ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಆ ಎರಡು ತಿಂಗಳು ಉಳಿಯುತ್ತಿದ್ದವು. ಆದರೆ ಅವನು, “ಶಾರ್ಜಾದಲ್ಲಿ ಇದಕ್ಕೆ ಬೇರೆ ಕ್ಯಾಮ್‌ಶಾಫ್ಟ್ ಹಾಕ್ತಿದ್ದರು ಸಾಲ್ಯಾನ್ರೆ. ಹೇಗೂ ಬಿಚ್ಚುವಾಗ...” ಎಂದು ಮಾತನ್ನು ಅರ್ಧಕ್ಕೆ ಬಿಟ್ಟ. ಕಾರನ್ನು ಅಲ್ಲೇ ಬಿಟ್ಟು, ಉಳಿದರ್ಧವನ್ನು ನಾನು ಹೊತ್ತುಕೊಂಡು ಮನೆಗೆ ಹೋದೆ.

ಕ್ಯಾಮ್‌ಶಾಫ್ಟ್ ಎಂದರೆ ಮೈಮೇಲೆ ಉಬ್ಬುಗಳಿರುವ ಒಂದು ಸರಳು. ಅದು ತಿರುಗಿದಾಗ ಉಬ್ಬುಗಳು ಎಂಜಿನ್ನಿನ ಬಾಯಿಗಳನ್ನು ಒತ್ತಿ ತೆರೆಯುತ್ತವೆ. ಬಾಯಿ ಎಷ್ಟು ಅಗಲ ತೆರೆಯುತ್ತದೆ ಎಂಬುದು ಒಂದು ಲೆಕ್ಕ; ಅದನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು ಇನ್ನೊಂದು; ಅದು ಡಿಗ್ರಿಯಲ್ಲಿ. ಮಿಲಿಮೀಟರು, ಡಿಗ್ರಿ! ಇದು ನನ್ನದೇ ಭಾಷೆ. ಇಪ್ಪತ್ತೆರಡು ವರ್ಷ ಇವೆರಡರಲ್ಲೇ ಬದುಕಿದವನಿಗೆ ಇನ್ನೇನು ಬೇಕು? ನನ್ನ ಕಾರಿಗೆ ಹೊಂದುವ ಎರಡು ಕಂಪೆನಿಗಳ ಕ್ಯಾಮುಗಳ ವಿವರವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡೆ. ಒಂದು ಇನ್ನೂರ ಅರವತ್ತನಾಲ್ಕು ಡಿಗ್ರಿ, ಇನ್ನೊಂದು ಇನ್ನೂರ ಇಪ್ಪತ್ತೆಂಟು. ವಿಚಿತ್ರವೆಂದರೆ ಬಾಯಿ ತೆರೆಯುವ ಅಗಲ ಎರಡರಲ್ಲೂ ಒಂಬತ್ತೂ ಮುಕ್ಕಾಲು ಮಿಲಿಮೀಟರಿನ ಆಸುಪಾಸು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಅಂದಮೇಲೆ ಗುಟ್ಟೆಲ್ಲ ಡಿಗ್ರಿಯಲ್ಲೇ ಇದೆ ಎಂದು ನಾನು ತೀರ್ಮಾನಿಸಿದೆ. ಒಂದು ಉಸಿರು ಬಿಗಿಹಿಡಿದು ಓಡುವ ಕ್ಯಾಮು, ಇನ್ನೊಂದು ಸಂಸಾರಸ್ಥ ಕ್ಯಾಮು. ಇವೆರಡರ ನಡುವೆ ನನ್ನ ಹಗಲುಗಳು ಸರಿದವು.

ಹೋಲಿಸಲು ಕೈಗೆ ಸಿಕ್ಕಿದ ಕಾಗದವೆಂದರೆ ಅಂಗಡಿಯ ಚೀಟಿಯೇ. ಅದರಲ್ಲಿ ಬಲಗಣ್ಣು, ಎಡಗಣ್ಣು ಎಂದು ಅಚ್ಚಾಗಿರುತ್ತದೆ. ಬಲಗಣ್ಣಿನ ಸಾಲಿನಲ್ಲಿ ಗಾಳಿ ಒಳಗೆ ಬರುವ ಕಡೆಯ ಕ್ಯಾಮು, ಎಡಗಣ್ಣಿನ ಸಾಲಿನಲ್ಲಿ ಹೊಗೆ ಹೊರಗೆ ಹೋಗುವ ಕಡೆಯದು ಎಂದು ಬರೆಯತೊಡಗಿದೆ. ಬಹಳ ಅನುಕೂಲವಾಯಿತು. ಒಂದು ದಿನ ನಮಗೆ ಗಾಜು ಉಜ್ಜಿಕೊಡುವ ಲ್ಯಾಬಿನಿಂದ ಫೋನು ಬಂತು. ಅಲ್ಲಿಯ ಫಿಲೋಮಿನಾ ಬಹಳ ಸಭ್ಯವಾಗಿ ಕೇಳಿದರು: “ಸರ್, ಬಲಗಣ್ಣಿಗೆ ಇನ್ನೂರ ಅರವತ್ತನಾಲ್ಕು ಪವರ್ ಬರೆದಿದ್ದೀರಿ, ಆಕ್ಸಿಸ್ ನೂರ ಹತ್ತು. ಇದು ಮನುಷ್ಯರಿಗಾ ಸರ್?” ಆಕ್ಸಿಸ್, ಅಂದರೆ ಗಾಜು ಕೂರಿಸುವ ಓರೆ, ನೂರ ಹತ್ತು ಸರಿಯಾಗಿಯೇ ಇದೆ, ಪವರ್ ಮಾತ್ರ ತಿದ್ದಬೇಕು ಎಂದು ಹೇಳಿ ಫೋನಿಟ್ಟೆ. ಆಮೇಲೆ ಪಾಪ, ನಾನು ಕ್ಯಾಮಿನ ಲೆಕ್ಕ ಗೀಚಿ ಕಳಿಸಿದ್ದ ಆ ಚೀಟಿಯ ನಿಜವಾದ ಒಡೆಯರಾದ ನಿವೃತ್ತ ಮೇಷ್ಟ್ರನ್ನು ಮತ್ತೆ ಕರೆಸಿ ಕಣ್ಣು ನೋಡಬೇಕಾಯಿತು.

ಶೈಲಜಳಿಗೂ ವಿಷಯ ತಿಳಿಸುವುದು ನನ್ನ ಕರ್ತವ್ಯವೆಂದು, ಅವಳು ಬಂಗುಡೆ ಹುರಿಯುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ವಿವರಿಸಿದೆ. ಟರ್ಬೊ ಇರುವ ಎಂಜಿನ್ನಿನಲ್ಲಿ ಎರಡು ಬಾಯಿಗಳೂ ಒಟ್ಟಿಗೆ ಹೆಚ್ಚು ಹೊತ್ತು ತೆರೆದಿದ್ದರೆ ಒಳಗೆ ತುಂಬಿದ ಗಾಳಿ ಸುಮ್ಮನೆ ಹೊರಗೆ ಹೋಗಿಬಿಡುತ್ತದೆ, ಹಾಗಾಗಿ ಡಿಗ್ರಿ ಹೆಚ್ಚಿದ್ದರೆ ಅಪಾಯ, ಕಡಿಮೆಯಿದ್ದರೆ ಓಟವಿಲ್ಲ ಎಂದೆ. ಅವಳು ಮೀನು ಮಗುಚಿ ಹಾಕಿ, “ಬೊಡ್ಚಿ ಮಾರಾಯ್ರೆ, ಸಾಕು. ಎರಡು ತಿಂಗಳಿಂದ ಬಾಯಿ ತೆರೆದಿರುವುದು ನಿಮ್ಮದೊಂದೇ” ಎಂದಳು. ಆಮೇಲೆ ಒಲೆ ಆರಿಸಿ ನಿಜವಾದ ಮಾತು ಹೇಳಿದಳು. ಅವಳ ಭಾವನ ಗೆಳೆಯರೊಬ್ಬರು ಭಾನುವಾರ ಕಾರು ನೋಡಲು ಬರುತ್ತಾರೆ. ಶನಿವಾರ ಸಂಜೆಯೊಳಗೆ ಕಾರು ಹೊರಬಂದು, ಅವಳನ್ನು ಕೂರಿಸಿಕೊಂಡು ನಂತೂರಿನ ಏರನ್ನು ಬಸ್ಸಿಗಿಂತ ಮುಂಚೆ ಹತ್ತಿದರೆ ನಮ್ಮಲ್ಲೇ ಇರಲಿ. ಇಲ್ಲದಿದ್ದರೆ ಅವರಿಗೆ ಕೊಟ್ಟು, ಎತ್ತರ ಸೀಟಿನ, ಗೇರಿಲ್ಲದ ಕಾರು ತರುವುದು. ನ್ಯಾಯವಾದ ಮಾತು. ನನಗೆ ಊಟ ಸೇರಲಿಲ್ಲ. ಆ ಕೆಂಪು ಡಬ್ಬಿಯನ್ನು ನಾನು ಇಷ್ಟು ಪ್ರೀತಿಸುತ್ತೇನೆಂದು ಅವತ್ತೇ ಗೊತ್ತಾದದ್ದು.

ಹಮೀದನ ಭಾವ ಗುರುವಾರ ಶಾರ್ಜಾದಿಂದ ಬರುವವನಿದ್ದ. “ಯಾವುದು ಬೇಕು ಹೇಳಿ, ಅಲ್ಲಿಯ ಅಂಗಡಿಯಿಂದ ಬ್ಯಾಗಲ್ಲಿ ತರ್ತಾನೆ” ಎಂದ ಹಮೀದ್. ಬುಧವಾರ ಬೆಳಿಗ್ಗೆ ಇನ್ನೂರ ಅರವತ್ತನಾಲ್ಕು ಎಂದೆ, ಮಧ್ಯಾಹ್ನ ಇನ್ನೂರ ಇಪ್ಪತ್ತೆಂಟು ಎಂದೆ. ಸಂಜೆ ಫೋನು ಮಾಡಿ, ಎರಡನ್ನೂ ತರಲಿ, ಬೇಡವಾದದ್ದನ್ನು ಹಿಂದೆ ಒಯ್ಯಲಿ ಎಂದೆ. ಹಮೀದ್ “ಆಯ್ತು” ಎಂದ. ಗಲ್ಫಿನಿಂದ ಬರುವವರ ಬ್ಯಾಗಿನಲ್ಲಿ ನೆಂಟರಿಗೆ ಬಾದಾಮಿ, ಸೆಂಟು ಬರಬೇಕಾದ ಜಾಗದಲ್ಲಿ ನನಗಾಗಿ ಎರಡು ಜೊತೆ ಕಬ್ಬಿಣದ ಸರಳುಗಳು ಬಂದವು.

ಶುಕ್ರವಾರ ನಮಾಜು ಮುಗಿಸಿ ಬಂದ ಹಮೀದ್ ಎರಡೂ ಪೆಟ್ಟಿಗೆ ಬಿಚ್ಚಿ ಸರಳುಗಳನ್ನು ನೆಲಕ್ಕೆ ಹಾಸಿದ ಹಳೆ ಬೈರಾಸು ಬಟ್ಟೆಯ ಮೇಲೆ ಅಕ್ಕಪಕ್ಕ ಮಲಗಿಸಿದ. ನನ್ನ ಚೀಟಿಗಳ ಕಟ್ಟನ್ನು ನಾನು ಪಕ್ಕದಲ್ಲಿಟ್ಟೆ. ಅವನು ಅದನ್ನು ಮುಟ್ಟಲಿಲ್ಲ. ಅಳೆಯುವ ಸಾಧನ ತೆಗೆದು ಒಂದೊಂದೇ ಉಬ್ಬನ್ನು ಅಳೆದ. ಆಮೇಲೆ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಪೆಟ್ಟಿಗೆಯಲ್ಲಿದ್ದ ಕಾರ್ಡುಗಳನ್ನು ಬೆಳಕಿಗೆ ಹಿಡಿದು, ಅಡಿಯಲ್ಲಿದ್ದ ಸಣ್ಣ ಅಕ್ಷರದ ಸಾಲನ್ನು ಓದಿದ.

“ಸಾಲ್ಯಾನ್ರೆ, ಇದು ನೀವು ನೋಡಲಿಲ್ವಾ?”

“ಎಂತದ್ದು?”

“ಈ ಇನ್ನೂರ ಅರವತ್ತನಾಲ್ಕಿನವರು ಬಾಯಿ ಕೂದಲಷ್ಟು ತೆರೆದ ಕೂಡಲೇ ಡಿಗ್ರಿ ಎಣಿಸಲಿಕ್ಕೆ ಶುರು ಮಾಡಿದ್ದಾರೆ. ಆ ಇನ್ನೂರ ಇಪ್ಪತ್ತೆಂಟಿನವರು ಒಂದು ಮಿಲಿಮೀಟರ್ ತೆರೆದ ಮೇಲೆ ಎಣಿಸಿದ್ದಾರೆ. ಸಾಮಾನು ಒಂದೇ. ಪೆಟ್ಟಿಗೆ ಬೇರೆ ಅಷ್ಟೆ.”

ನಾನು ಕಾರ್ಡು ಕಿತ್ತುಕೊಂಡು ನೋಡಿದೆ. ಸಾಲು ಅಲ್ಲೇ ಇತ್ತು. ಎರಡು ತಿಂಗಳು ಅದರ ಮೇಲೆಯೇ ಕಣ್ಣಾಡಿಸಿದ್ದೆ. ನನ್ನ ಅಂಗಡಿಗೆ ಬರುವ ಕಾಲೇಜು ಹುಡುಗಿಯರು ಕಣ್ಣಿನೊಳಗೆ ಇಡುವ ಲೆನ್ಸು ಮಾಡಿಸಿಕೊಂಡಾಗ, “ಅಂಕಲ್, ನನ್ನ ನಂಬರು ಕಡಿಮೆ ಆಯ್ತು!” ಎಂದು ಕುಣಿಯುತ್ತಾರೆ. ಆಗ ನಾನು ಗಂಭೀರವಾಗಿ, “ನಂಬರು ಎಷ್ಟು ಎಂದು ನೋಡಬಾರದು ಮಗಾ, ಎಲ್ಲಿಂದ ಅಳೆದದ್ದು ಎಂದು ನೋಡಬೇಕು. ಕನ್ನಡಕ ಕಣ್ಣಿನಿಂದ ದೂರ ಇರುತ್ತದೆ, ಲೆನ್ಸು ಕಣ್ಣಿನಲ್ಲೇ ಇರುತ್ತದೆ. ಕಣ್ಣು ಅದೇ” ಎಂದು ಪಾಠ ಹೇಳುತ್ತೇನೆ. ಸಾವಿರ ಸಲ ಹೇಳಿದ್ದೇನೆ. ಅದೇ ತಪ್ಪನ್ನು ಅಂಗಡಿಯ ಚೀಟಿಯಲ್ಲೇ, ನನ್ನ ಕೈಯಾರೆ, ಬಲಗಣ್ಣು ಎಡಗಣ್ಣು ಸಮೇತ ಮಾಡಿದ್ದೆ. “ಹಮೀದ್, ನನ್ನನ್ನು ಇನ್ನು ಏನೂ ಕೇಳಬೇಡ. ನಿನಗೆ ಸರಿ ಕಂಡದ್ದು ಹಾಕು” ಎಂದು ಹೇಳಿ ಎದ್ದುಬಂದೆ.

ಶನಿವಾರ ಮಧ್ಯಾಹ್ನ ಕಾರು ತಯಾರಾಗಿತ್ತು. ಕೀಲಿ ತೆಗೆದುಕೊಳ್ಳುತ್ತಾ, “ಕೊನೆಗೆ ಯಾವ ಪೆಟ್ಟಿಗೆಯದ್ದು ಹಾಕಿದೆ?” ಎಂದು ಬಾಯಿ ತಡೆಯದೆ ಕೇಳಿದೆ. ಹಮೀದ್ ಕೈ ಒರೆಸಿಕೊಳ್ಳುತ್ತಾ, “ಅದು ಕೇಳಬಾರದು ಸಾಲ್ಯಾನ್ರೆ. ಓಡಿಸಿ ಹೇಳಬೇಕು” ಎಂದ.

ಸಂಜೆ ಶೈಲಜಳನ್ನು ಅಂಗಡಿಯಿಂದ ಹತ್ತಿಸಿಕೊಂಡೆ. ಪಂಪ್‌ವೆಲ್ ದಾಟುವಾಗ ಹಿಂದೆ ಒಂದು ಬಸ್ಸು ಕಾಣಿಸಿತು. ಅದೇ ಬಸ್ಸೋ ಅಲ್ಲವೋ, ಅದೇ ಎಂದು ಇಟ್ಟುಕೊಳ್ಳಿ. ಏರು ಶುರುವಾದದ್ದೇ ಗೇರು ಇಳಿಸಿ ಪೆಡಲು ಒತ್ತಿದೆ. ಕಾರು ಬೆನ್ನಿಗೆ ಕೈಯಿಟ್ಟು ದೂಡಿದ ಹಾಗೆ ಮುಂದಕ್ಕೆ ಹಾರಿತು. ಕನ್ನಡಿಯಲ್ಲಿ ಬಸ್ಸು ಸಣ್ಣದಾಯಿತು. ಎರಡು ಲಾರಿಗಳು ಬದಿಗೆ ಸರಿದು ಹಿಂದುಳಿದವು. ನಂತೂರು ವೃತ್ತದ ಸಿಗ್ನಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತೆವು. “ಕೇಳಿಸ್ತಾ? ಸದ್ದೇ ಬೇರೆ! ಇದು ಹೊಸ ಕ್ಯಾಮಿನ ಎಳೆತ. ಮೂರು ಸಾವಿರದ ಮೇಲೆ ಹೋದಾಗ ಒಂದು ಗುಟುರು ಹಾಕ್ತದಲ್ಲಾ, ಅದು ಉಬ್ಬಿನ ಆಕಾರದಿಂದ ಬರುವುದು” ಎಂದು ಹೇಳುತ್ತಲೇ ಹೋದೆ. ಶೈಲಜ ಕೂದಲು ಸರಿ ಮಾಡಿಕೊಂಡು, “ಆಯ್ತು, ಇರಲಿ. ಭಾವನಿಗೆ ಫೋನು ಮಾಡಿ ಬೇಡ ಅಂತ ಹೇಳ್ತೇನೆ” ಎಂದಳು. ಅವಳ ಮುಖದಲ್ಲೂ ನಗು ಇತ್ತು. ಅಷ್ಟು ಸಂತೋಷ ನನಗೆ ಈಚೆಗೆ ಆದದ್ದೇ ಇಲ್ಲ.

ಮುಂದಿನ ಹದಿನೈದು ದಿನ ಅಂಗಡಿಗೆ ಬಂದವರಿಗೆಲ್ಲ ಕ್ಯಾಮಿನ ಮಹಿಮೆ ಹೇಳಿದೆ. ಹದಿನಾರನೆಯ ದಿನ ಹಮೀದ್ ಬಂದ, ದೂರದ್ದು ಸ್ವಲ್ಪ ಮಂಜಾಗುತ್ತದೆ, ಕಣ್ಣು ನೋಡಿ ಎಂದ.

“ಅದಿರಲಿ, ಮೊದಲು ಹೇಳು, ಹೊಸದರಲ್ಲಿ ಯಾವುದು ಹಾಕಿದ್ದು? ನಾನು ಹೇಳ್ತೇನೆ ನೋಡು, ಒಂದೇ ಸಾಮಾನು ಇರಬಹುದು, ಆದರೆ ಆ ಮೊದಲಿನ ಪೆಟ್ಟಿಗೆಯ ಫಿನಿಶಿಂಗ್...”

“ಎರಡೂ ಪೆಟ್ಟಿಗೆ ನನ್ನ ಭಾವನೊಟ್ಟಿಗೆ ಶಾರ್ಜಾಕ್ಕೆ ವಾಪಸು ಹೋಯ್ತು ಸಾಲ್ಯಾನ್ರೆ,” ಎಂದ ಹಮೀದ್. “ನಿಮ್ಮ ಕಾರಿನಲ್ಲಿ ಹಳೆಯದ್ದೇ ಉಂಟು. ಚೆಂದ ಉಂಟು, ಅದಕ್ಕೆ ಎಂತ ಆಗಿದೆ? ಟರ್ಬೊದಿಂದ ಬರುವ ರಬ್ಬರ್ ಪೈಪನ್ನು ಹೆಗ್ಗಣ ಕಚ್ಚಿತ್ತು. ಗಾಳಿ ಎಲ್ಲ ಹೊರಗೆ ಹೋಗ್ತಿತ್ತು. ಪೈಪು ಬದಲಿಸಿದೆ, ಎಣ್ಣೆ ಸೋರುವುದು ನಿಲ್ಲಿಸಿದೆ.”

“ಮತ್ತೆ ಆ ಸದ್ದು? ಆ ಎಳೆತ?”

“ಅದು ಕ್ಯಾಮಿನದ್ದು ಅಂತ ನೀವು ಹೇಳಿದ್ದು,” ಎಂದ.

ಇಂಥ ಹೊತ್ತಿನಲ್ಲಿ ಕೆಲಸ ಮಾಡುವುದು ಒಳ್ಳೆಯದು. ಅವನನ್ನು ಕುರ್ಚಿಯಲ್ಲಿ ಕೂರಿಸಿ, ಚೌಕಟ್ಟು ಏರಿಸಿ, ಒಂದು ಗಾಜು ಹಾಕಿದೆ. ಒಳಗೊಳಗೇ ಸ್ವಲ್ಪ ಸೇಡಿನ ಮನಸ್ಸೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಗಾಜನ್ನು ತೆಗೆದು, ಡಬ್ಬಿಯಲ್ಲಿ ಕೈಯಾಡಿಸಿ ಸದ್ದು ಮಾಡಿ, ಅದನ್ನೇ ತಿರುಗಿ ಹಾಕಿದೆ.

“ಇದು ಸ್ಪಷ್ಟವೋ, ಮೊದಲಿನದ್ದೋ?”

ಹಮೀದ್ ಗೋಡೆಯ ಮೇಲಿನ ಅಕ್ಷರಗಳನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದ. ಆಮೇಲೆ, “ಎರಡೂ ಒಂದೇ ಅಲ್ವಾ?” ಎಂದ.

ಅವನೇ ಚೌಕಟ್ಟನ್ನು ಮೆಲ್ಲಗೆ ಕಳಚಿ ನನ್ನ ಕೈಗೆ ಕೊಟ್ಟು, ಕುರ್ಚಿಯಿಂದ ಇಳಿದ. ಅದರ ಸೀಟನ್ನು ಅಂಗೈಯಿಂದ ಎರಡು ಸಲ ಒರೆಸಿ, “ಬನ್ನಿ ಸಾಲ್ಯಾನ್ರೆ, ಈಗ ನೀವು ಕೂತುಕೊಳ್ಳಿ” ಎಂದ.

ನಾನು ಹತ್ತಿ ಕೂತೆ.